ಏಣಿ ಹತ್ತಿದವರು ಏಣಿ ಎಳಕೋಬಾರದು

ಇಂಜಿನಿಯರಿಗೆ ಯಾವ ಜನ, ಯಾವ ಭಾಷೆ? ಅವನಿಗೆ ಬೇರೆ ಸಂಘ ಯಾಕೆ? ಸೇತುವೆ ತನ್ನ ಕಟ್ಟಿದವನ ಬಣ್ಣ ಕೇಳುತ್ತದೆಯೇ? ಹೀಗೆ ಕೇಳುವ ದೊಡ್ಡ ಮನುಷ್ಯರು ಎಲ್ಲ ದೇಶದಲ್ಲೂ ಇದ್ದಾರೆ, ಅಮೆರಿಕದಲ್ಲೂ ಇದ್ದಾರೆ. ನಿಜ, ಸೇತುವೆ ಕೇಳುವುದಿಲ್ಲ. ಆದರೆ ಇಂಟರ್‌ವ್ಯೂಗೆ ಕೂತವನು ಕೇಳುತ್ತಾನೆ. ಬಾಯಿಬಿಟ್ಟು ಕೇಳದಿದ್ದರೂ ಹೆಸರು ಓದುವಾಗ, ಮಾತಿನ ರಾಗ ಕೇಳಿಸಿಕೊಳ್ಳುವಾಗ ಮನಸ್ಸಿನಲ್ಲೇ ಕೇಳಿರುತ್ತಾನೆ.

ಆ ಪ್ರಶ್ನೆಗೆ ಉತ್ತರವಾಗಿ 1974ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಒಂದು ಸಂಘ ಹುಟ್ಟಿತು. ಸೊಸೈಟಿ ಆಫ್ ಹಿಸ್ಪಾನಿಕ್ ಪ್ರೊಫೆಷನಲ್ ಇಂಜಿನಿಯರ್ಸ್ ಅಂತ ಅದರ ಹೆಸರು. ಕಟ್ಟಿದವರು ಕೋಟ್ಯಾಧೀಶರಲ್ಲ, ಅದೇ ನಗರಾಡಳಿತದಲ್ಲಿ ಸಂಬಳಕ್ಕೆ ದುಡಿಯುತ್ತಿದ್ದ ಇಂಜಿನಿಯರುಗಳು. ಅವರಲ್ಲಿ ಮುಂದಾಳು ರೊಡ್ರಿಗೊ ಗಾರ್ಸಿಯಾ. ನಮ್ಮ ಹುಡುಗರಿಗೆ 'ನಾನೂ ಇಂಜಿನಿಯರ್ ಆಗಬಹುದು' ಅನ್ನಿಸಬೇಕಾದರೆ ಇಂಜಿನಿಯರ್ ಆದ ನಮ್ಮವನೊಬ್ಬ ಅವರ ಕಣ್ಣಿಗೆ ಬೀಳಬೇಕು ಅನ್ನೋದೇ ಅವರ ಲೆಕ್ಕಾಚಾರ.

ಹಿಸ್ಪಾನಿಕ್ ಅಂದರೆ ಸ್ಪ್ಯಾನಿಷ್ ನುಡಿಯ ಬೇರು ಇರುವ ಜನ. ಮೆಕ್ಸಿಕೋ, ಪೋರ್ಟೊರಿಕೊ, ಕ್ಯೂಬಾ, ಮಧ್ಯ ಅಮೆರಿಕದ ಮೂಲದವರು. ಇವರೆಲ್ಲ ಒಂದೇ ಬಣ್ಣದವರಲ್ಲ, ಒಂದೇ ವರ್ಗದವರೂ ಅಲ್ಲ. ಇದನ್ನ ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತೆ.

ಆ ಸಂಘ ಹುಟ್ಟಿದ ನೆಲ ಎಂಥದು ನೋಡಿ. 1940ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಆರೆಂಜ್ ಕೌಂಟಿಯಲ್ಲಿ ಮೆಕ್ಸಿಕನ್ ಮಕ್ಕಳಿಗೇ ಬೇರೆ ಸ್ಕೂಲು. ಮೆಂಡೆಜ್ ಎಂಬ ಕುಟುಂಬ ಮತ್ತೆ ಕೆಲವರ ಜೊತೆ ಸೇರಿ ಕೋರ್ಟಿಗೆ ಹೋಯಿತು. 1947ರಲ್ಲಿ ಮೇಲಿನ ಕೋರ್ಟೂ ಅವರ ಪರವಾಗಿ ತೀರ್ಪು ಕೊಟ್ಟಿತು. ಸ್ಕೂಲಿನ ಬಾಗಿಲು ತೆರೆಯಿತು, ಒಳಗೆ ಕೂತವರ ಮನಸ್ಸು ತೆರೆಯಲಿಲ್ಲ. ಇಪ್ಪತ್ತು ವರ್ಷ ಕಳೆದರೂ ಲಾಸ್ ಏಂಜಲೀಸ್‌ನ ಪೂರ್ವದ ಕೇರಿಗಳಲ್ಲಿ ಸ್ಪ್ಯಾನಿಷ್ ಮಾತಾಡಿದ ಮಕ್ಕಳಿಗೆ ಶಿಕ್ಷೆ. ಕಾಲೇಜು ನಿಮಗ್ಯಾಕೆ ಅಂತ ಹುಡುಗರನ್ನ ಕೈಕೆಲಸದ ಕ್ಲಾಸಿಗೆ ತಳ್ಳುವುದು. ಅರ್ಧದಲ್ಲೇ ಸ್ಕೂಲು ಬಿಟ್ಟವರಿಗೆ ಲೆಕ್ಕವಿಲ್ಲ. 1968ರ ಮಾರ್ಚ್‌ನಲ್ಲಿ ಸಾವಿರಾರು ವಿದ್ಯಾರ್ಥಿಗಳು ಕ್ಲಾಸು ಬಿಟ್ಟು ಬೀದಿಗೆ ಬಂದರು. ಅವರ ಬೆನ್ನಿಗೆ ನಿಂತ ಸಾಲ್ ಕ್ಯಾಸ್ಟ್ರೋ ಮೇಷ್ಟ್ರು ಸೇರಿ 13 ಜನರ ಮೇಲೆ ಸಂಚಿನ ಕೇಸು ಹಾಕಿದರು. ಮೇಷ್ಟ್ರ ಕೆಲಸ ಹೋಯಿತು. ಜನ ಹಟ ಹಿಡಿದು ಕೂತ ಮೇಲೆ ಅವರನ್ನ ವಾಪಸ್ ತೆಗೆದುಕೊಳ್ಳಬೇಕಾಯಿತು.

ಇದಾಗಿ ಆರೇ ವರ್ಷಕ್ಕೆ ಅದೇ ಊರಲ್ಲಿ ಇಂಜಿನಿಯರುಗಳ ಸಂಘ.

ಸಂಘ ಹುಟ್ಟಿದ ಮೇಲಾದರೂ ಎಲ್ಲ ಸರಿಹೋಯಿತಾ? ಇಲ್ಲ. 1968ರಲ್ಲಿ ಬೀದಿಗಿಳಿದ ಸ್ಕೂಲುಗಳಲ್ಲಿ ಗಾರ್ಫೀಲ್ಡ್ ಹೈಸ್ಕೂಲೂ ಒಂದು. ಅಲ್ಲಿ ಬೊಲಿವಿಯಾದಿಂದ ಬಂದ ಹೈಮೆ ಎಸ್ಕಲಾಂಟೆ ಎಂಬ ಗಣಿತದ ಮೇಷ್ಟ್ರು ಬಡಮಕ್ಕಳಿಗೆ ಕ್ಯಾಲ್ಕುಲಸ್ ಕಲಿಸಿದರು. 1982ರಲ್ಲಿ ಕಾಲೇಜು ಮಟ್ಟದ ಪರೀಕ್ಷೆಗೆ ಕೂತ 18 ಮಕ್ಕಳೂ ಪಾಸಾದರು. ಪರೀಕ್ಷೆ ನಡೆಸಿದವರು ಶಭಾಷ್ ಅನ್ನಲಿಲ್ಲ, 14 ಮಕ್ಕಳ ಮೇಲೆ ಕಾಪಿ ಹೊಡೆದ ಅನುಮಾನ ಹೊರಿಸಿದರು. ಅವರಲ್ಲಿ 12 ಮಕ್ಕಳು ಮತ್ತೆ ಪರೀಕ್ಷೆಗೆ ಕೂತರು. 12 ಜನರೂ ಪಾಸು! ಫೇಲಾದರೆ ದಡ್ಡ, ಪಾಸಾದರೆ ಕಳ್ಳ. ಈ ನ್ಯಾಯದ ರುಚಿ ಕಂಡವರಿಗೆ ಸಂಘ ಯಾಕೆ ಬೇಕು ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಈಗ ಸಂಘದ ಕೆಲಸದ ಮಾತು. ಇಂಜಿನಿಯರಿಂಗ್ ಕಾಲೇಜುಗಳಲ್ಲಿ ವಿದ್ಯಾರ್ಥಿ ಶಾಖೆ, ಊರುಗಳಲ್ಲಿ ನೌಕರಿಯಲ್ಲಿರುವವರ ಶಾಖೆ. ವರ್ಷಕ್ಕೊಂದು ರಾಷ್ಟ್ರೀಯ ಸಮಾವೇಶ. ಅಲ್ಲಿಗೆ ಕಂಪನಿಗಳೇ ಬಂದು ಮಳಿಗೆ ಹಾಕಿ ಹುಡುಗ ಹುಡುಗಿಯರನ್ನ ಮಾತಾಡಿಸುತ್ತವೆ. ಇದಕ್ಕಿಂತ ನನಗೆ ಹಿಡಿಸಿದ್ದು ಇನ್ನೊಂದು. 'ನೋಚೆ ದೆ ಸಿಯೆನ್ಸಿಯಾಸ್', ಅಂದರೆ ವಿಜ್ಞಾನದ ರಾತ್ರಿ. ಸಂಜೆ ಹೊತ್ತು ಸ್ಕೂಲಿಗೆ ಮಕ್ಕಳ ಜೊತೆ ಅಪ್ಪ ಅಮ್ಮಂದಿರನ್ನೂ ಕರೆಯುತ್ತಾರೆ. ಮಕ್ಕಳಿಗೆ ಪ್ರಯೋಗ ಮಾಡಿಸುತ್ತಾರೆ. ಕಾಲೇಜಿಗೆ ಅರ್ಜಿ ಹಾಕುವುದು ಹೇಗೆ, ದುಡ್ಡಿನ ನೆರವು ಎಲ್ಲಿ ಸಿಗುತ್ತೆ ಅಂತ ಹೆತ್ತವರಿಗೆ ಅವರ ನುಡಿಯಲ್ಲೇ ಹೇಳುತ್ತಾರೆ. ಕಾಲೇಜಿನ ಮೆಟ್ಟಿಲು ತುಳಿಯದ ತಾಯಿಗೆ ಫಾರಂ ತುಂಬುವುದೇ ಬೆಟ್ಟ. ಆ ಬೆಟ್ಟವನ್ನ ಪಕ್ಕದಲ್ಲಿ ಕೂತು ಹತ್ತಿಸುವವನೇ ನಿಜವಾದ ಮುಂದಾಳು, ವೇದಿಕೆ ಮೇಲೆ ಹಾರ ಹಾಕಿಸಿಕೊಳ್ಳುವವನಲ್ಲ.

ಇಲ್ಲಿಂದ ನನ್ನ ತಕರಾರು ಶುರು.

ಇಂಥ ಸಂಘದ ಅಧ್ಯಕ್ಷಗಿರಿಗೆ ಎರಡು ಮುಖ. ಒಂದು, ತನ್ನ ಜನರನ್ನ ಮೇಲೆ ತರುವುದು. ಇನ್ನೊಂದು, ತಾನು ಮೇಲೆ ಹೋಗುವುದು. ಕುರ್ಚಿಯಲ್ಲಿ ಕೂತವನಿಗೆ ದೊಡ್ಡ ಕಂಪನಿಯ ದೊಡ್ಡ ಸಾಹೇಬರ ಪರಿಚಯವಾಗುತ್ತೆ. ಸಮಾವೇಶಕ್ಕೆ ದುಡ್ಡು ಅವರದೇ. ದುಡ್ಡು ಕೊಟ್ಟವನಿಗೆ ಪ್ರಶ್ನೆ ಕೇಳುವ ಗಂಟಲು ಎಷ್ಟು ಜನರಿಗಿದೆ? ಈ ವರ್ಷ ಎಷ್ಟು ಜನರನ್ನ ತಗೊಂಡ್ರಿ ಅಂತ ಕೇಳೋದು ಸುಲಭ, ಕಂಪನಿಯವನೂ ನಗುನಗುತ್ತಾ ಹೇಳ್ತಾನೆ. ತಗೊಂಡವರಲ್ಲಿ ಎಷ್ಟು ಜನಕ್ಕೆ ಬಡ್ತಿ ಕೊಟ್ರಿ, ಎಷ್ಟು ಜನ ಬೇಸತ್ತು ಬಿಟ್ಟು ಹೋದ್ರು ಅಂತ ಕೇಳಿ ನೋಡಿ, ನಗು ನಿಂತುಹೋಗುತ್ತೆ. ಕಂಪನಿ ದುಡ್ಡು ಮುಟ್ಟಲೇಬಾರದು ಅಂತ ನಾನು ಹೇಳೋದಿಲ್ಲ. ಬಡವರ ಮಕ್ಕಳ ಸ್ಕಾಲರ್‌ಶಿಪ್ ಗಾಳಿಯಿಂದ ಬರಲ್ಲ. ದುಡ್ಡು ತಗೊಳ್ಳಿ, ಬಾಯಿ ಮಾರಿಕೊಳ್ಳಬೇಡಿ.

ಇನ್ನೊಂದು ಮೋಸ ಇದೆ, ಲೆಕ್ಕದ ಮೋಸ. ಆಗಲೇ ಹೇಳಿದ ಹಾಗೆ ಹಿಸ್ಪಾನಿಕ್ ಅನ್ನೋದು ಒಂದು ದೊಡ್ಡ ಚೀಲ. ಅದರೊಳಗೆ ತೋಟದಲ್ಲಿ ಸ್ಟ್ರಾಬೆರಿ ಕೀಳುವವನ ಮಗನೂ ಇದ್ದಾನೆ, ತಲೆಮಾರುಗಳಿಂದ ಓದಿಕೊಂಡು ಬಂದ ಸಾಹುಕಾರನ ಮಗನೂ ಇದ್ದಾನೆ. ಎರಡನೆಯವನನ್ನ ಮುಂದೆ ನಿಲ್ಲಿಸಿ ಮೊದಲನೆಯವನ ಲೆಕ್ಕ ತೀರಿಸಿಬಿಡಬಹುದು. ಮುಂದಾಳಾದವನು ಚೀಲ ಬಿಚ್ಚಿ ನೋಡಬೇಕು, ಅದರ ತಳದಲ್ಲಿರುವವರು ಮೇಲೆ ಬಂದರಾ ಅಂತ.

ತಳದಿಂದ ಬಂದವರೂ ಇದ್ದಾರೆ. ಹೊಸೆ ಹೆರ್ನಾಂಡೆಜ್ ಅಂಥವರು. ಮೆಕ್ಸಿಕೋದಿಂದ ಬೆಳೆಯ ಬೆನ್ನು ಹಿಡಿದು ಗುಳೆ ಬರುತ್ತಿದ್ದ ಕೂಲಿ ಕುಟುಂಬ ಅವರದು. ಇಂಗ್ಲಿಷ್ ಬಂದಿದ್ದು 12ನೇ ವಯಸ್ಸಿನಲ್ಲಿ. ಊರಿಂದೂರಿಗೆ ಅಲೆಯುತ್ತಿದ್ದರೆ ಮಕ್ಕಳ ಓದು ಹಾಳು ಅಂತ ಒಬ್ಬ ಟೀಚರಮ್ಮ ಅಪ್ಪ ಅಮ್ಮನಿಗೆ ಬುದ್ಧಿ ಹೇಳಿದ ಮೇಲೆ ಕುಟುಂಬ ಒಂದು ಕಡೆ ನೆಲೆ ನಿಂತಿತು. ಇಂಜಿನಿಯರ್ ಆದರು. 1974ರಲ್ಲಿ ಅದೇ ಲಾಸ್ ಏಂಜಲೀಸ್‌ನಲ್ಲಿ ಹುಟ್ಟಿದ ಮೆಕ್ಸಿಕನ್ ಅಮೆರಿಕನ್ ಇಂಜಿನಿಯರುಗಳ ಸಂಘದಲ್ಲಿ ದುಡಿದರು. ಗಗನಯಾನಿ ಆಗಲು ಅರ್ಜಿ ಹಾಕಿದರೆ ನಾಸಾ 11 ಸಲ ಬೇಡ ಅಂದಿತು. ಆಯ್ಕೆಯಾದವರಲ್ಲಿ ಏನಿದೆ, ನನ್ನಲ್ಲಿ ಏನಿಲ್ಲ ಅಂತ ನೋಡಿಕೊಂಡು ವಿಮಾನ ಹಾರಿಸುವುದು ಕಲಿತರು, ನೀರಿನೊಳಗೆ ಮುಳುಗುವುದು ಕಲಿತರು, ರಷ್ಯನ್ ಕಲಿತರು. 2004ರಲ್ಲಿ ಆಯ್ಕೆಯಾಗಿ 2009ರಲ್ಲಿ ಬಾಹ್ಯಾಕಾಶಕ್ಕೆ ಹೋದರು.

ಇಷ್ಟು ಕಥೆಯನ್ನ ಎಲ್ಲರೂ ಹೇಳ್ತಾರೆ. 'ನೋಡಿ, ಕಷ್ಟಪಟ್ಟರೆ ಯಾರು ಬೇಕಾದರೂ ಆಗಬಹುದು' ಅಂತ ಕಂಪನಿಗಳೂ ಗೋಡೆಗೆ ಅಂಟಿಸುತ್ತವೆ. ಆಮೇಲಿನದನ್ನ ಹೇಳುವವರು ಕಡಿಮೆ. ಭೂಮಿಗೆ ಇಳಿದ ಕೆಲವೇ ದಿನಕ್ಕೆ ಅವರು ಮೆಕ್ಸಿಕೋದ ಟಿವಿಯಲ್ಲಿ, ಕಾಗದಪತ್ರವಿಲ್ಲದೆ ಅಮೆರಿಕದಲ್ಲಿ ದುಡಿಯುತ್ತಿರುವ ಕೂಲಿಕಾರರಿಗೆ ಕಾನೂನಿನ ಮಾನ್ಯತೆ ಕೊಡಬೇಕು, ದೇಶದ ಆರ್ಥಿಕತೆಗೆ ಅವರು ಬೇಕು ಅಂತ ಹೇಳಿದರು. ಅದು ಅವರ ಸ್ವಂತ ಅಭಿಪ್ರಾಯ ಅಂತ ನಾಸಾ ಕೈ ತೊಳೆದುಕೊಂಡಿತು. ಅವರು ಮಾತು ವಾಪಸ್ ತೆಗೆದುಕೊಳ್ಳಲಿಲ್ಲ. ಆಕಾಶಕ್ಕೆ ಹೋಗಿ ಬಂದವರು ಹೊಲ ಮರೆಯಲಿಲ್ಲ. ನನ್ನ ಮಟ್ಟಿಗೆ ಅವರ ದೊಡ್ಡ ಹಾರಾಟ ಇದು.

ಒಬ್ಬರು ಹಾರಿದರೆ ಸಾಕೇ? ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರ 2021ರಲ್ಲಿ ಕೊಟ್ಟ ಲೆಕ್ಕ ಇಲ್ಲಿದೆ. ಆ ದೇಶದ ಒಟ್ಟು ದುಡಿಯುವವರಲ್ಲಿ ಹಿಸ್ಪಾನಿಕರು ನೂರಕ್ಕೆ 17. ವಿಜ್ಞಾನ, ತಂತ್ರಜ್ಞಾನ, ಇಂಜಿನಿಯರಿಂಗ್, ಗಣಿತದ ಕೆಲಸಗಳಲ್ಲಿ ನೂರಕ್ಕೆ 8. ಸಂಘ ಕಟ್ಟಿ ನಲವತ್ತೇಳು ವರ್ಷದ ಮೇಲೂ ಅರ್ಧದಷ್ಟೂ ಇಲ್ಲ. ಸಂಘ ಸೋತಿತು ಅಂತ ಇದರ ಅರ್ಥವಲ್ಲ, ಸಂಘದ ಕೆಲಸ ಮುಗಿದಿಲ್ಲ ಅಂತ ಅರ್ಥ.

ಈಗ ಗಾಳಿ ತಿರುಗಿದೆ. 2023ರ ಜೂನ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಕಾಲೇಜು ಪ್ರವೇಶದಲ್ಲಿ ಜನಾಂಗ ನೋಡಬಾರದು ಅಂದಿತು. 2025ರ ಜನವರಿಯಲ್ಲಿ ಟ್ರಂಪ್ ಸರ್ಕಾರ ಎಲ್ಲರನ್ನೂ ಒಳಗೊಳ್ಳುವ ಕಾರ್ಯಕ್ರಮಗಳ ಮೇಲೆ ಆದೇಶಗಳ ಮಳೆ ಸುರಿಸಿತು. ಮರು ತಿಂಗಳೇ ಕಪ್ಪು ಇಂಜಿನಿಯರುಗಳ ದೊಡ್ಡ ಸಮಾವೇಶವೊಂದರಲ್ಲಿ ಆಳು ಸೇರಿಸಿಕೊಳ್ಳುವುದರಿಂದ ಅಮೆರಿಕದ ಸೇನೆ ಹಿಂದೆ ಸರಿಯಿತು. ನಿನ್ನೆ ಮಳಿಗೆ ಹಾಕಿ ಕೈಕುಲುಕಿದವರು ಇವತ್ತು ಗುರುತಿಲ್ಲದ ಹಾಗೆ ಹೋಗುತ್ತಾರೆ. ಕಂಪನಿಯ ಪ್ರೀತಿಯನ್ನೇ ನಂಬಿ ಸಂಘ ಕಟ್ಟಿದವನು ಇಂಥ ಹೊತ್ತಲ್ಲಿ ಕಂಗಾಲಾಗುತ್ತಾನೆ. ಸದಸ್ಯರ ಬಲ, ಹಳೇ ವಿದ್ಯಾರ್ಥಿಗಳ ಕೊಡುಗೆ, ಹೆತ್ತವರ ನಂಬಿಕೆ ಮೇಲೆ ಕಟ್ಟಿದವನು ನಿಲ್ಲುತ್ತಾನೆ.

ಹಾಸ್ಟೆಲ್ ಗೆಳೆಯರೇ, ನಿಮ್ಮಲ್ಲೂ ನಾಳೆ ಸಂಘಗಳ ಕಾರ್ಯದರ್ಶಿಗಳು, ಅಧ್ಯಕ್ಷರು ಆಗುವವರಿದ್ದೀರಿ. ಯಾವ ದೇಶದ್ದೇ ಆಗಲಿ, ಇಂಥ ಸಂಘದ ಮುಂದಾಳನ್ನ ಅಳೆಯೋಕೆ ಮೂರು ಪ್ರಶ್ನೆ ಸಾಕು. ಅವನ ಹಿಂದೆ ಎಷ್ಟು ಜನ ಮೇಲೆ ಬಂದರು? ದುಡ್ಡು ಕೊಟ್ಟವನ ಮುಂದೆ ಅವನ ಬಾಯಿ ತೆರೆಯಿತಾ? ಅವನು ಕುರ್ಚಿ ಬಿಟ್ಟಾಗ ಅಲ್ಲಿ ಕೂರಲು ಕಿರಿಯರು ತಯಾರಿದ್ದರಾ? ಮೂರಕ್ಕೂ ಉತ್ತರ ಕೊಡಲಾಗದವನು ಬರೀ ಉದ್ಯೋಗಸ್ಥ. ಅವನಿಗೆ ಸಂಬಳ ಸಿಗಲಿ, ಜೈಕಾರ ಬೇಡ.