ಪಾಳಿಯ ಲೆಕ್ಕ ಕಾರ್ಮಿಕರ ಕೈಗೂ ಸಿಗಲಿ

ಅಮೆರಿಕದ ಹಲವು ಹೋಟೆಲು, ಅಂಗಡಿ, ಆಸ್ಪತ್ರೆಗಳಲ್ಲಿ ಯಾರು ಯಾವ ಪಾಳಿಗೆ ಬರಬೇಕೆಂಬ ಪಟ್ಟಿ ಈಗ ಗೋಡೆಯ ಮೇಲಿಲ್ಲ. ಅದು ವೆನ್ ಐ ವರ್ಕ್, ಡೆಪ್ಯುಟಿಯಂಥ ಆನ್‌ಲೈನ್ ಸೇವೆಗಳಲ್ಲಿದೆ. ಈ ಸೇವೆಗಳಿಂದ ಬೇರೆ ತಂತ್ರಾಂಶಗಳು ನೇರವಾಗಿ ಮಾಹಿತಿ ಪಡೆಯಲು ಎಪಿಐ ಎಂಬ ದಾರಿ ಇದೆ. ಆ ಕೆಲಸವನ್ನು ಸುಲಭ ಮಾಡುವ ಕೋಡ್ ಲೈಬ್ರರಿಗಳೂ ಇವೆ. ಲೈಬ್ರರಿಯನ್ನು ಸೇರಿಸಿಕೊಂಡು, ಲಾಗಿನ್ ಆಗಿ ಟೋಕನ್ ಎಂಬ ಪ್ರವೇಶದ ಕೀಲಿ ಪಡೆದು, ಇಂಥ ದಿನದಿಂದ ಇಂಥ ದಿನದವರೆಗಿನ ಪಾಳಿ ಕೊಡು ಎಂದರಾಯಿತು. ಹತ್ತಾರು ಸಾಲಿನ ಕೆಲಸ.

ಹಾಗೆ ಬರುವ ಉತ್ತರವನ್ನು ಬಿಡಿಸಿ ನೋಡಬೇಕು. ವೆನ್ ಐ ವರ್ಕ್‌ನಲ್ಲಿ ಪ್ರತಿ ಪಾಳಿಯ ಜತೆ ನೌಕರರ ಗುರುತಿನ ಸಂಖ್ಯೆ, ಆರಂಭ ಮತ್ತು ಮುಕ್ತಾಯದ ಸಮಯ ಇರುತ್ತವೆ. ಅವುಗಳ ಪಕ್ಕದಲ್ಲೇ ಇನ್ನೂ ಕೆಲವು ವಿವರಗಳಿವೆ: ಪಾಳಿ ಪ್ರಕಟವಾಗಿದೆಯೇ, ಯಾವಾಗ ಪ್ರಕಟವಾಯಿತು, ನೌಕರರಿಗೆ ಸೂಚನೆ ಹೋದದ್ದು ಯಾವಾಗ. ನನ್ನ ದೃಷ್ಟಿಯಲ್ಲಿ ಇಡೀ ದಾಖಲೆಯ ಜೀವ ಇರುವುದು ಇವುಗಳಲ್ಲೇ, ಏಕೆಂದರೆ ಪಾಳಿಯನ್ನು ಎಷ್ಟು ಮೊದಲು ತಿಳಿಸಿದರು ಎಂಬುದನ್ನು ಹೇಳುವುದು ಇವೇ.

ರಾತ್ರಿ ಅಂಗಡಿ ಮುಚ್ಚಿದವರೇ ಬೆಳಗಿನ ಜಾವ ಬಂದು ತೆರೆಯುವ ಪಾಳಿಯ ಹಿಂಸೆಯನ್ನು 2014ರಲ್ಲಿ ನ್ಯೂಯಾರ್ಕ್ ಟೈಮ್ಸ್‌ನ ಜೋಡಿ ಕ್ಯಾಂಟರ್ ಸ್ಟಾರ್‌ಬಕ್ಸ್ ಕುರಿತ ವರದಿಯಲ್ಲಿ ಬಯಲಿಗೆ ತಂದರು. ಅದೇ ವರ್ಷ ಸ್ಯಾನ್ ಫ್ರಾನ್ಸಿಸ್ಕೊ ನಗರ ದೊಡ್ಡ ಸರಣಿ ಮಳಿಗೆಗಳು ಎರಡು ವಾರ ಮೊದಲೇ ಪಾಳಿ ತಿಳಿಸಬೇಕೆಂಬ ಕಾನೂನು ಮಾಡಿತು. 2017ರಲ್ಲಿ ಸಿಯಾಟಲ್ ಮತ್ತು ನ್ಯೂಯಾರ್ಕ್ ನಗರಗಳಲ್ಲಿ ಇಂಥ ನಿಯಮ ಜಾರಿಗೆ ಬಂತು. ನ್ಯೂಯಾರ್ಕ್‌ನ ಫಾಸ್ಟ್‌ಫುಡ್ ಮಳಿಗೆಗಳಲ್ಲಿ ಮುಚ್ಚುವ ಮತ್ತು ತೆರೆಯುವ ಪಾಳಿಗಳ ನಡುವೆ 11 ಗಂಟೆ ಬಿಡುವಿಲ್ಲದಿದ್ದರೆ ನೌಕರರ ಲಿಖಿತ ಒಪ್ಪಿಗೆಯ ಜತೆಗೆ 100 ಡಾಲರ್ ಹೆಚ್ಚುವರಿ ಕೊಡಬೇಕು.

ಆದರೆ ನಿಯಮ ಮುರಿದದ್ದನ್ನು ಸಾಬೀತು ಮಾಡುವುದು ಹೇಗೆ? ಆ್ಯಪ್ ಸಾಮಾನ್ಯವಾಗಿ ತೋರಿಸುವುದು ಈಗಿರುವ ಪಟ್ಟಿಯನ್ನು. ನಿನ್ನೆ ಬದಲಾದ ಪಾಳಿ ಮೊದಲು ಹೇಗಿತ್ತು ಎಂಬುದಕ್ಕೆ ಕಾರ್ಮಿಕರ ಬಳಿ ಉಳಿಯುವುದು ಸ್ಕ್ರೀನ್‌ಶಾಟ್ ಮಾತ್ರ, ಅದೂ ತೆಗೆದಿಟ್ಟಿದ್ದರೆ. ಪೂರ್ತಿ ದಾಖಲೆ ಎಳೆದುಕೊಳ್ಳಬಲ್ಲ ಟೋಕನ್ ಆಡಳಿತದವರ ಬಳಿ ಇರುತ್ತದೆ.

ದಾಖಲೆ ಆಡಳಿತದವರ ಬಳಿ ಮಾತ್ರ ಇದ್ದರೆ ಆಗುವ ಅಪಾಯ ಆಗಲೇ ಕಂಡಿದೆ. 2021ರ ಡಿಸೆಂಬರ್‌ನಲ್ಲಿ ನೌಕರರ ಹಾಜರಿ, ಸಂಬಳದ ಲೆಕ್ಕ ಇಡುವ ಕ್ರೋನೋಸ್ ಎಂಬ ಆನ್‌ಲೈನ್ ಸೇವೆಯ ಮೇಲೆ ರ‍್ಯಾನ್ಸಮ್‌ವೇರ್ ದಾಳಿ ನಡೆದಾಗ ವಾರಗಟ್ಟಲೆ ಹಾಜರಿಯ ಲೆಕ್ಕ ಸಿಗಲಿಲ್ಲ. ಹಲವು ಆಸ್ಪತ್ರೆಗಳು ಹಿಂದಿನ ಸಂಬಳವನ್ನೇ ಅಂದಾಜಿಗೆ ಹಿಡಿದು ಪಾವತಿ ಮಾಡಿದವು. ಕೋವಿಡ್ ಕಾಲದಲ್ಲಿ ಹೆಚ್ಚುವರಿ ಪಾಳಿ ದುಡಿದ ದಾದಿಯರಿಗೆ ಆ ಅಂದಾಜು ಎಷ್ಟು ಅನ್ಯಾಯ! ಅವರ ದುಡಿಮೆಯ ಲೆಕ್ಕದ ಒಂದು ಪ್ರತಿ ಅವರ ಬಳಿಯೇ ಇರಬೇಕಿತ್ತು.

ದಾಖಲೆಯನ್ನು ಕಾರ್ಮಿಕರಿಗೂ ಕೊಟ್ಟರೆ ಸಹೋದ್ಯೋಗಿಗಳ ಖಾಸಗಿ ಮಾಹಿತಿ ಸೋರುತ್ತದೆ ಎಂಬ ಆಕ್ಷೇಪವಿದೆ. ಆದರೆ ತಮ್ಮ ದಾಖಲೆಯನ್ನಷ್ಟೇ ಓದಬಲ್ಲ, ಏನನ್ನೂ ತಿದ್ದಲಾಗದ ಟೋಕನ್ ಕೊಡುವುದು ತಂತ್ರಜ್ಞಾನಕ್ಕೆ ಹೊಸತೇನಲ್ಲ. ಪಾಳಿಯ ನಿಯಮ ಬಿಗಿಯಾದರೆ ವ್ಯಾಪಾರಕ್ಕೆ ಪೆಟ್ಟು ಎಂಬ ಮಾತೂ ನಿಲ್ಲುವುದಿಲ್ಲ. ಗ್ಯಾಪ್ ಬಟ್ಟೆ ಮಳಿಗೆಗಳಲ್ಲಿ ಪಾಳಿಗಳನ್ನು ಸ್ಥಿರಗೊಳಿಸಿ ನಡೆಸಿದ, 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಮಾರಾಟವೇ ಶೇ 7ರಷ್ಟು ಏರಿತ್ತು.

ನಮ್ಮ ದೇಶದಲ್ಲೂ 1948ರ ಕಾರ್ಖಾನೆ ಕಾಯ್ದೆಯ 61ನೇ ಕಲಂ ಕೆಲಸದ ಅವಧಿಯ ಸೂಚನೆಯನ್ನು ಎಲ್ಲರಿಗೂ ಕಾಣುವಂತೆ ಹಾಕಬೇಕು ಎಂದಿತ್ತು. ಕರ್ನಾಟಕದ 2025ರ ಗಿಗ್ ಕಾರ್ಮಿಕರ ಕಾಯ್ದೆ ಆ್ಯಪ್‌ಗಳ ಸ್ವಯಂಚಾಲಿತ ತೀರ್ಮಾನಗಳ ಬಗ್ಗೆ ಪಾರದರ್ಶಕತೆ ಕೇಳುತ್ತದೆ. ಮಾಲ್, ಆಸ್ಪತ್ರೆ, ಹೋಟೆಲುಗಳ ಪಾಳಿ ನೌಕರರು ಮಾತ್ರ ಅದರ ವ್ಯಾಪ್ತಿಯಲ್ಲಿಲ್ಲ. ಕೇಂದ್ರದ 2019ರ ವೈಯಕ್ತಿಕ ದತ್ತಾಂಶ ಮಸೂದೆಯಲ್ಲಿ ಇದ್ದ, ತಮ್ಮ ಮಾಹಿತಿಯನ್ನು ಬೇರೆಡೆಗೆ ಒಯ್ಯುವ ಹಕ್ಕು 2023ರ ದತ್ತಾಂಶ ಕಾಯ್ದೆಯಲ್ಲಿ ಕಾಣಿಸಲಿಲ್ಲ.

ಪಾಳಿ ಪ್ರಕಟಿಸಿದ, ಬದಲಿಸಿದ, ತಿಳಿಸಿದ ಸಮಯಗಳನ್ನು ನೌಕರರು ತಾವೇ ಪಡೆಯುವ ಹಕ್ಕನ್ನು ರಾಜ್ಯ ಸರ್ಕಾರ ನಿಯಮವಾಗಿಸಬೇಕು. ಅದು ಉಚಿತವಾಗಿರಬೇಕು. ಕೆಲಸ ಬಿಟ್ಟ ಮೇಲೂ ಕೆಲಕಾಲ ಅದಕ್ಕೆ ಬೇಕಾದ ಟೋಕನ್ ನಡೆಯುವಂತಿರಬೇಕು. ಬಾಕಿ ವೇತನದ ತಕರಾರು ಎಷ್ಟೋ ಸಲ ಏಳುವುದೇ ಆಗ, ಲಾಗಿನ್ ಮುಚ್ಚಿಹೋದ ಮೇಲೆ.