ಮಕ್ಕಳಿಗೆ ಎರಡು ದಿನದ ಕಡಲು

ನಾಲ್ಕು ವರ್ಷದ ಮಗುವಿಗೆ ಕಡಲು ತೋರಿಸಲು ಎರಡು ದಿನ ಧಾರಾಳವಾಗಿ ಸಾಕು. ಆ ಎರಡು ದಿನಗಳಲ್ಲೇ ಮುರುಡೇಶ್ವರ, ಇಡಗುಂಜಿ, ಅಪ್ಸರಕೊಂಡ, ಮಿರ್ಜಾನ್ ಕೋಟೆ, ಗೋಕರ್ಣ ಎಲ್ಲವನ್ನೂ ಮುಗಿಸಿಬಿಡಬೇಕೆಂದು ಹೊರಟರೆ ಮಾತ್ರ ಯಾವುದಕ್ಕೂ ಸಾಲದು. ಶುಕ್ರವಾರ ರಾತ್ರಿ ಬೆಂಗಳೂರು ಬಿಟ್ಟು ಸೋಮವಾರ ಬೆಳಗಿನ ಜಾವ ಮನೆ ಸೇರುವ ಪ್ರವಾಸ ನಮ್ಮ ನಗರದ ಸಂಸಾರಗಳಿಗೆ ಈಗ ರೂಢಿಯಾಗಿಬಿಟ್ಟಿದೆ. ಶನಿವಾರ ಬೆಳಿಗ್ಗೆ ಹೆದ್ದಾರಿ 66ರ ಹೋಟೆಲುಗಳ ಮುಂದೆ ನಿಂತ ಕಾರುಗಳಲ್ಲಿ ಘಾಟಿಯ ತಿರುವುಗಳಿಗೆ ಬಳಲಿ ಮುಖ ಬಾಡಿಸಿಕೊಂಡ ಮಕ್ಕಳನ್ನು ನೋಡುತ್ತೇನೆ. ತಂದೆತಾಯಿಯ ಕೈಯಲ್ಲಿ ಆಗಲೇ ಮುಂದಿನ ಸ್ಥಳದ ದಾರಿ ತೋರಿಸುವ ಫೋನು. ಅವರ ಮನಸ್ಸಿನಲ್ಲಿರುವುದು ಪ್ರೀತಿಯೇ. ರಜೆ ಸಿಕ್ಕುವುದೇ ಅಪರೂಪ, ಸಿಕ್ಕಾಗ ಆದಷ್ಟು ತೋರಿಸಿಬಿಡೋಣ ಎಂಬ ತವಕ. ಆದರೆ ಚಿಕ್ಕ ಮಗು ಲೋಕವನ್ನು ಆ ರೀತಿ ಎಣಿಸಿಕೊಂಡು ನೋಡುವುದಿಲ್ಲ. ಅದಕ್ಕೆ ಒಂದೇ ಜಾಗ ಬೇಕು, ಆ ಜಾಗಕ್ಕೆ ಮತ್ತೆ ಮತ್ತೆ ಬರುವ ಅವಕಾಶ ಬೇಕು.

ನನ್ನ ಇಬ್ಬರು ಮಕ್ಕಳನ್ನು ನಾನು ಕರೆದುಕೊಂಡು ಹೋದದ್ದು ಹೊನ್ನಾವರದ ಪಕ್ಕದ ಕಾಸರಕೋಡಿಗೆ. ಜೋಗದಲ್ಲಿ ಧುಮುಕಿದ ಶರಾವತಿ ಕಡಲು ಸೇರುವ ಅಳಿವೆ ಅಲ್ಲಿಗೆ ಕೂಗಳತೆ. ನೀರಿನ ಶುಚಿತ್ವ, ಸುರಕ್ಷತೆ, ಶೌಚಾಲಯ ಮೊದಲಾದ 33 ಮಾನದಂಡಗಳನ್ನು ಪರೀಕ್ಷಿಸಿ ಕೊಡುವ ಬ್ಲೂ ಫ್ಲ್ಯಾಗ್ ಮನ್ನಣೆ 2020ರಲ್ಲಿ ನಮ್ಮ ರಾಜ್ಯದ ಎರಡು ಕಡಲತೀರಗಳಿಗೆ ಬಂತು. ಒಂದು ಉಡುಪಿ ಜಿಲ್ಲೆಯ ಪಡುಬಿದ್ರಿ, ಇನ್ನೊಂದು ಈ ಕಾಸರಕೋಡು. ಚಿಕ್ಕ ಮಕ್ಕಳಿರುವವರಿಗೆ ಇದು ಸಣ್ಣ ಸಂಗತಿಯಲ್ಲ. ಉಪ್ಪುನೀರು ತೊಳೆದುಕೊಳ್ಳಲು ಸಿಹಿನೀರು, ಬಟ್ಟೆ ಬದಲಿಸಲು ಮರೆ, ಕೂರಲು ನೆರಳು, ಇಷ್ಟಿದ್ದರೆ ಅರ್ಧ ದಿನದ ಸಂಕಟ ಕಡಿಮೆಯಾಗುತ್ತದೆ. ರೆಸಾರ್ಟುಗಳ ಬಗ್ಗೆ ಮೂಗು ಮುರಿಯುವವರ ಪೈಕಿ ನಾನಿಲ್ಲ. ಸಂಜೆ ಏಳಕ್ಕೆ ಬಿಸಿ ಹಾಲು, ನಡುರಾತ್ರಿ ಎದ್ದ ಮಗುವಿಗೆ ಚೊಕ್ಕ ಬಚ್ಚಲು, ಖಾರವಿಲ್ಲದ ಅನ್ನ ಸಾರು ಸಿಕ್ಕುವ ಕಡೆ ತಾಯಿಗೆ ಎಷ್ಟು ನೆಮ್ಮದಿ ಎಂಬುದು ಮಕ್ಕಳನ್ನು ಸಾಕಿದವರಿಗೇ ಗೊತ್ತು.

ನನ್ನ ತಕರಾರು ಬೇರೆ. ಬಹಳಷ್ಟು ರೆಸಾರ್ಟುಗಳು ಕಡಲಿನ ಹೆಸರಿನಲ್ಲಿ ಕರೆದು ಕಡಲಿಗೆ ಬೆನ್ನು ಹಾಕಿ ಕೂರಿಸುತ್ತವೆ. ಒಳಗೆ ನೀಲಿ ಹೆಂಚಿನ ಈಜುಕೊಳ, ಪ್ಲಾಸ್ಟಿಕ್ ಜಾರುಬಂಡೆ, ಗೋಡೆಯ ತುಂಬ ಟೀವಿ. ಇವೆಲ್ಲ ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲೂ ಇವೆ. ಅಷ್ಟಕ್ಕೆ ಪಶ್ಚಿಮ ಘಟ್ಟ ಇಳಿದು ಬರಬೇಕಾಗಿರಲಿಲ್ಲ. ಹೀಗಾಗಿ ಕೋಣೆಯನ್ನು ಮಲಗುವುದಕ್ಕೂ ಊಟಕ್ಕೂ ಮಧ್ಯಾಹ್ನದ ಬಿಸಿಲು ಕಳೆಯುವುದಕ್ಕೂ ಬಿಟ್ಟು, ಬೆಳಗು ಮತ್ತು ಸಂಜೆಯನ್ನು ಮರಳಿಗೆ ಕೊಟ್ಟೆವು. ಎರಡು ದಿನವೂ ಅದೇ ಮರಳು, ಅದೇ ಗಾಳಿಮರದ ಬುಡ.

ಇಳಿತದ ಹೊತ್ತಿನಲ್ಲಿ ತಡಿಗೆ ಹೋದವರಿಗೆ ಒದ್ದೆ ಮರಳಿನ ಮೇಲೆ ಸಾವಿರಾರು ಸಣ್ಣ ಮರಳುಂಡೆಗಳು ಕಾಣುತ್ತವೆ, ನಡುವೆ ಒಂದು ಬಿಲ, ಅದರ ಸುತ್ತ ರಂಗೋಲಿಯ ಎಳೆಗಳಂತೆ ಹರಡಿದ ಸಾಲುಗಳು. ಬೆರಳುಗುರಿನಷ್ಟು ಗಾತ್ರದ ಏಡಿಗಳ ಕೆಲಸ ಅದು. ನೀರು ಹಿಂದೆ ಸರಿದೊಡನೆ ಅವು ಹೊರಬಂದು ಮರಳನ್ನು ಬಾಯಿಗಿಟ್ಟುಕೊಂಡು, ಕಣಗಳಿಗೆ ಅಂಟಿದ ಪಾಚಿಯನ್ನೂ ಸೂಕ್ಷ್ಮಜೀವಿಗಳನ್ನೂ ಸೋಸಿ ತಿಂದು, ಉಳಿದ ಮರಳನ್ನು ಉಂಡೆ ಮಾಡಿ ಪಕ್ಕಕ್ಕಿಡುತ್ತವೆ. ಒಮ್ಮೆ ಸೋಸಿದ ಮರಳನ್ನೇ ಮತ್ತೆ ಸೋಸುವ ಶ್ರಮ ಹೀಗೆ ಉಳಿಯುತ್ತದೆ. ನೆರಳು ಬಿದ್ದರೆ ಸಾಕು, ಎಲ್ಲವೂ ಬಿಲದೊಳಗೆ. ಅವು ಮತ್ತೆ ಬರಬೇಕಾದರೆ ನೀವು ಅಲುಗಾಡದೆ ಕೂರಬೇಕು. ಏಳು ವರ್ಷದ ಮಗಳಿಗೂ ನಾಲ್ಕು ವರ್ಷದ ಮಗನಿಗೂ ಮನೆಯಲ್ಲಿ ಎಷ್ಟು ಹೇಳಿದರೂ ಬಾರದ ಮೌನ ಅಲ್ಲಿ ತಾನಾಗಿ ಬಂತು. ಉಬ್ಬರ ಬಂದಾಗ ಆ ಚಿತ್ತಾರವೆಲ್ಲ ಅಳಿಸಿಹೋಗುತ್ತದೆ. ಮರುದಿನ ಅದೇ ಜಾಗದಲ್ಲಿ ಹೊಸದು ಮೂಡಿರುತ್ತದೆ. ಮೊದಲ ದಿನ ಅಳಿದುಹೋಯಿತೆಂದು ಅತ್ತ ಮಗು ಎರಡನೆಯ ದಿನ ಓಡಿಬಂದು ಇದೆ ಇದೆ ಎಂದು ಕೂಗುವುದಕ್ಕೆ ಆ ಎರಡನೆಯ ದಿನ ಅದೇ ಜಾಗದಲ್ಲಿ ಇರಬೇಕಾಗುತ್ತದೆ. ಸ್ಥಳಗಳ ಪಟ್ಟಿ ಹಿಡಿದು ಓಡಿದವರಿಗೆ ಇದು ಸಿಕ್ಕುವುದಿಲ್ಲ.

ಅಲೆ ಬಂದು ಹಿಂದಿರುಗುವ ಅಂಚಿನಲ್ಲಿ ಇನ್ನೊಂದು ಜೀವಿ ಇದೆ, ಇಕ್ಕಳವಿಲ್ಲದ ಮರಳೇಡಿ. ಅಲೆ ಸರಿಯುವಾಗ ಹಿಮ್ಮುಖವಾಗಿ ಮರಳೊಳಗೆ ಇಳಿದು, ಗರಿಯಂಥ ಮೀಸೆಗಳನ್ನು ಮಾತ್ರ ಹೊರಗಿಟ್ಟು ನೀರಿನಲ್ಲಿ ತೇಲಿಬರುವ ಆಹಾರವನ್ನು ಹಿಡಿಯುತ್ತದೆ. ಕಚ್ಚುವುದಿಲ್ಲ, ಅಂಗೈಯಲ್ಲಿಟ್ಟರೆ ಅಂಗೈಯನ್ನೇ ಕೊರೆಯಲು ನೋಡುತ್ತದೆ. ಮಗು ಕಿಲಕಿಲ ನಗುತ್ತದೆ. ನೋಡಿದ ಮೇಲೆ ಅದನ್ನು ಅದರ ಮರಳಿಗೇ ಬಿಡುವುದನ್ನು ಕಲಿಸುವುದು ನಮ್ಮ ಕೆಲಸ.

ಉಬ್ಬರವಿಳಿತವನ್ನು ನಾಲ್ಕು ವರ್ಷದ ಮಗುವಿಗೂ ವಿವರಿಸಬಹುದು. ನೀರಿನ ಅಂಚಿಗೆ ಒಂದು ಕಡ್ಡಿ ನೆಡಿ. ಮರುದಿನ ನೀರು ಅದೇ ಕಡ್ಡಿಗೆ ಬರುವ ಹೊತ್ತನ್ನು ನೋಡಿ. ಸುಮಾರು 50 ನಿಮಿಷ ತಡವಾಗಿರುತ್ತದೆ, ಏಕೆಂದರೆ ಚಂದ್ರನೂ ದಿನದಿನ ಅಷ್ಟೇ ತಡವಾಗಿ ಹುಟ್ಟುತ್ತಾನೆ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ನೀರು ಹೆಚ್ಚು ಏರಿ ಹೆಚ್ಚು ಇಳಿಯುತ್ತದೆ, ಅಷ್ಟಮಿಯ ಸುತ್ತ ಏರಿಳಿತ ಮೆತ್ತಗಾಗುತ್ತದೆ. ಮನೆಯ ಗೋಡೆಯ ಮೇಲಿನ ಕ್ಯಾಲೆಂಡರಿನಲ್ಲಿ ತಿಥಿ ನೋಡಿ ಪ್ರವಾಸದ ದಿನ ಗೊತ್ತುಮಾಡುವುದು ಮೂಢನಂಬಿಕೆಯಲ್ಲ. ಖಾರ್ವಿಗಳೂ ಮೊಗವೀರರೂ ತಲೆಮಾರುಗಳಿಂದ ಹಾಗೆಯೇ ಲೆಕ್ಕ ಹಾಕಿಕೊಂಡು ಬಂದಿದ್ದಾರೆ.

ಈ ಮೀನುಗಾರರನ್ನು ಮಕ್ಕಳು ನೋಡಬೇಕು. ಉತ್ತರ ಕನ್ನಡದ ತಡಿಯಲ್ಲಿ ಒಂದು ಕಾಲಕ್ಕೆ ರಂಪಣಿ ಎಂದರೆ ಊರಿಗೂರೇ ಸೇರಿ ಎಳೆಯುವ ಬಲೆ, ಬಂಗುಡೆ ಬೈಗೆಯ ಸುಗ್ಗಿ. 1970ರ ದಶಕದ ಕೊನೆಯ ಹೊತ್ತಿಗೆ ಯಾಂತ್ರಿಕ ಪರ್ಸೀನ್ ಬೋಟುಗಳು ಬಂದು ಅದು ಕುಗ್ಗಿತು. ಈಗ ಉಳಿದಿರುವುದು ಸಣ್ಣ ಪ್ರಮಾಣದ ಕೈರಂಪಣಿ. ಬೆಳಿಗ್ಗೆ ಬಲೆಯ ಎರಡು ತುದಿ ಹಿಡಿದು ಗಂಡಸರು ಹೆಂಗಸರು ಹಿಂದೆ ಹಿಂದೆ ಹೆಜ್ಜೆಯಿಡುತ್ತ ಎಳೆಯುವುದನ್ನು ಮಗಳು ನೋಡುತ್ತ ನಿಂತಿದ್ದಳು. ಒಬ್ಬ ಅಜ್ಜಿ ಹಗ್ಗದ ತುದಿಯನ್ನು ಅವಳ ಕೈಗೂ ಕೊಟ್ಟಳು. ಸಿಕ್ಕಿದ ಮೀನು ಒಂದು ಬುಟ್ಟಿಯೂ ತುಂಬಲಿಲ್ಲ. ಇಷ್ಟೇನಾ ಎಂದು ಮಗಳು ಕೇಳಿದಳು. ಕಡಲು ಕೊಟ್ಟಷ್ಟು ಎಂದಳು ಅಜ್ಜಿ. ತಟ್ಟೆಗೆ ಬರುವ ಮೀನಿನ ಹಿಂದೆ ಎಷ್ಟು ಕೈಗಳಿವೆ ಎಂಬುದನ್ನು ಯಾವ ಪಾಠವೂ ಅಷ್ಟು ಚೆನ್ನಾಗಿ ಹೇಳಲಾರದು.

ಇದೇ ಉತ್ತರ ಕನ್ನಡದ ಕಾರವಾರದ ಕಡಲತೀರಕ್ಕೆ ರವೀಂದ್ರನಾಥ ಟಾಗೋರರ ಹೆಸರಿಟ್ಟಿದ್ದೇವೆ. 1880ರ ದಶಕದ ಆರಂಭದಲ್ಲಿ ಅಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಗೆ ಬಂದಿದ್ದ ತರುಣ ಕವಿ ‘ಪ್ರಕೃತಿಯ ಪ್ರತಿಶೋಧ’ ನಾಟಕ ಬರೆದದ್ದು ಅಲ್ಲಿಯೇ. ಸಂಸಾರವನ್ನು ತ್ಯಜಿಸಿ ಗೆದ್ದೆನೆಂದುಕೊಂಡ ಸನ್ಯಾಸಿಯನ್ನು ಒಬ್ಬ ಅನಾಥ ಬಾಲಕಿಯ ಮೇಲಿನ ಪ್ರೀತಿ ಮರಳಿ ಲೋಕಕ್ಕೆ ಎಳೆದು ತರುವ ಕಥೆ ಅದು. ಎಷ್ಟೋ ವರ್ಷಗಳ ನಂತರ ಕವಿ ಕಡಲತಡಿಯಲ್ಲಿ ಆಡುವ ಮಕ್ಕಳ ಬಗ್ಗೆ ಕವಿತೆ ಬರೆದರು. ಆ ಕವಿತೆಯಿರುವ ‘ಶಿಶು’ ಸಂಕಲನದ ಕಾಲ ಅವರಿಗೆ ಕಠಿಣವಾದದ್ದು. 1902ರಲ್ಲಿ ಹೆಂಡತಿ ತೀರಿಕೊಂಡಿದ್ದರು. 1903ರಲ್ಲಿ ಕ್ಷಯ ಹಿಡಿದ ಮಗಳು ರೇಣುಕಾಳನ್ನು ಹವೆ ಬದಲಾವಣೆಗೆಂದು ಆಲ್ಮೋರಾಕ್ಕೆ ಕರೆದೊಯ್ದಿದ್ದರು. ಆ ವರ್ಷವೇ ಅವಳೂ ಹೋದಳು. ತಂದೆಯೊಬ್ಬ ಬೆಟ್ಟದ ಮೇಲೆ ಕಾಯಿಲೆಯ ಮಗುವಿನ ಪಕ್ಕ ಕೂತು ಮಕ್ಕಳ ಲೋಕವನ್ನು ಹಾಡಾಗಿಸಿದ್ದು ನನ್ನನ್ನು ಮತ್ತೆ ಮತ್ತೆ ಕಾಡುತ್ತದೆ. ಮಗುವಿನ ಪಕ್ಕ ಪೂರ್ತಿ ಮನಸ್ಸಿಟ್ಟು ಕೂತವರಿಗೆ ಮಾತ್ರ ಆ ಲೋಕ ಅಷ್ಟು ಸ್ಪಷ್ಟವಾಗಿ ಕಂಡೀತು.

ನಮ್ಮ ಕರಾವಳಿಯವರೇ ಆದ ಶಿವರಾಮ ಕಾರಂತರೂ ಮಕ್ಕಳ ಕುತೂಹಲವನ್ನು ಅಷ್ಟೇ ಗಂಭೀರವಾಗಿ ತೆಗೆದುಕೊಂಡವರು. ಮೂರು ಸಂಪುಟಗಳ ‘ಬಾಲ ಪ್ರಪಂಚ’ ಬರೆದು, ಪುತ್ತೂರಿನ ಬಾಲವನದಲ್ಲಿ ಮಕ್ಕಳನ್ನು ಕೂಡಿಸಿಕೊಂಡು, ಕಣ್ಣಾರೆ ನೋಡಿ ಕಲಿಯುವುದೇ ಶಿಕ್ಷಣವೆಂದು ನಂಬಿ ನಡೆದವರು. ಕೋಟದಲ್ಲಿ ಹುಟ್ಟಿದ ಅವರಿಗೆ ಕಡಲು ವಿಹಾರದ ಜಾಗವಾಗಿರಲಿಲ್ಲ, ಬದುಕಿನ ನೆರೆಮನೆಯಾಗಿತ್ತು. ‘ಮರಳಿ ಮಣ್ಣಿಗೆ’ ಓದಿದವರಿಗೆ ಆ ಅಲೆಗಳ ಸದ್ದು ಗೊತ್ತು.

ನೆರೆಮನೆಯವರಿಗೆ ಕಡಲಿನ ಸಿಟ್ಟೂ ಗೊತ್ತು. ಘಟ್ಟದ ಮೇಲಿನಿಂದ ಬಂದ ನಮಗೆ ಅದು ಗೊತ್ತಿಲ್ಲ. 2024ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆಯಿಂದ ಶಾಲಾ ಪ್ರವಾಸಕ್ಕೆ ಬಂದ ನಾಲ್ವರು ಬಾಲಕಿಯರು ಮುರುಡೇಶ್ವರದಲ್ಲಿ ಸಮುದ್ರಪಾಲಾದರು. ಅದಕ್ಕೆ ಹಿಂದಿನ ತಿಂಗಳಷ್ಟೇ ಉಳ್ಳಾಲದ ಬಳಿಯ ರೆಸಾರ್ಟೊಂದರ ಈಜುಕೊಳದಲ್ಲಿ ಮೈಸೂರಿನ ಮೂವರು ಯುವತಿಯರು ಮುಳುಗಿ ತೀರಿಕೊಂಡರು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 2021ರಲ್ಲಿ ಜಗತ್ತಿನಲ್ಲಿ ನೀರಿನಲ್ಲಿ ಮುಳುಗಿ ಸತ್ತವರು ಸುಮಾರು 3 ಲಕ್ಷ. ಅವರಲ್ಲಿ ಹೆಚ್ಚುಕಡಿಮೆ ಕಾಲುಭಾಗ ಐದು ವರ್ಷದೊಳಗಿನ ಮಕ್ಕಳು.

ಸಿನಿಮಾದಲ್ಲಿ ಮುಳುಗುವವರು ಕೈ ಬೀಸಿ ಕೂಗುತ್ತಾರೆ. ನಿಜದಲ್ಲಿ ಮಗು ಕೂಗುವುದಿಲ್ಲ. ಬಾಯಿ ನೀರಿನ ಮಟ್ಟದಲ್ಲಿ ಮೇಲೆ ಕೆಳಗೆ ಆಗುತ್ತಿರುವಾಗ ಉಸಿರಾಟಕ್ಕೇ ಬಿಡುವಿಲ್ಲ, ಕೂಗುವುದೆಲ್ಲಿ? ಸದ್ದಿಲ್ಲದೆ, ಒಂದು ನಿಮಿಷದೊಳಗೆ, ಮೊಣಕಾಲುದ್ದದ ನೀರಿನಲ್ಲೂ ಅದು ಆಗಿಹೋಗಬಹುದು. ಫೋನಿನಲ್ಲಿ ಒಂದು ಸಂದೇಶ ಓದಿ ಉತ್ತರ ಕೊಡಲು ಬೇಕಾದ ಹೊತ್ತು ಅಷ್ಟೇ.

ಕಡಲಿನಲ್ಲಿ ಇನ್ನೊಂದು ಅಪಾಯ ಸೆಳವು. ದಡಕ್ಕೆ ಬಂದ ಅಲೆಗಳ ನೀರು ಹಿಂದಿರುಗಲು ಒಂದು ಇಕ್ಕಟ್ಟಾದ ಓಣಿ ಹಿಡಿದು ರಭಸವಾಗಿ ಒಳಕ್ಕೆ ಹರಿಯುತ್ತದೆ. ನೋಡಲು ಅದು ಸುತ್ತಲಿನದಕ್ಕಿಂತ ಶಾಂತ. ಅಲೆಗಳು ಅಲ್ಲಿ ಒಡೆಯುವುದಿಲ್ಲ, ಬಣ್ಣ ಸ್ವಲ್ಪ ಕಪ್ಪು, ಮೇಲಿನ ನೊರೆ ಕಡಲಿನತ್ತ ಸಾಗುತ್ತಿರುತ್ತದೆ. ಅಲೆ ಕಡಿಮೆ ಇದೆಯೆಂದು ಜನ ಮಕ್ಕಳನ್ನು ಅಲ್ಲಿಗೇ ಇಳಿಸುತ್ತಾರೆ. ಸಿಕ್ಕಿಬಿದ್ದ ದೊಡ್ಡವರು ದಡದತ್ತ ಈಜಲು ಹೋಗಿ ಸೋಲುತ್ತಾರೆ. ದಡಕ್ಕೆ ಸಮನಾಗಿ ಪಕ್ಕಕ್ಕೆ ಈಜಿದರೆ ಆ ಓಣಿಯಿಂದ ಹೊರಬರಬಹುದು. ಗಾಳಿ ತುಂಬಿದ ಬಳೆಯನ್ನು ನಂಬಲೇಬಾರದು. ಬೆಳಗಿನ ಹೊತ್ತು ನಮ್ಮ ಕರಾವಳಿಯಲ್ಲಿ ನೆಲದ ಗಾಳಿ ಕಡಲಿನತ್ತ ಬೀಸುತ್ತಿರುತ್ತದೆ. ಮಗು ಕೂತ ಬಳೆಯನ್ನು ಅದು ನೋಡುನೋಡುತ್ತ ದೂರ ಒಯ್ಯುತ್ತದೆ. ಜೂನಿನಿಂದ ಸೆಪ್ಟೆಂಬರಿನವರೆಗೆ ಮಕ್ಕಳನ್ನು ಕರೆದುಕೊಂಡು ನೀರಿಗಿಳಿಯುವ ಮಾತೇ ಬೇಡ. ಜೂನ್ ಒಂದರಿಂದ ಜುಲೈ ಕೊನೆಯವರೆಗೆ ಯಾಂತ್ರಿಕ ಬೋಟುಗಳೇ ಕಡಲಿಗೆ ಹೋಗುವಂತಿಲ್ಲ.

ಇಷ್ಟೆಲ್ಲ ಹೇಳಿದ್ದು ಹೆದರಿಸಲಿಕ್ಕಲ್ಲ. ಮಗುವನ್ನು ಕಾಯುವ ಕಣ್ಣೂ ಮಗುವಿನ ಜೊತೆ ಏಡಿ ನೋಡುವ ಕಣ್ಣೂ ಒಂದೇ ಎಂದು ನನಗೆ ಕಾಸರಕೋಡಿನ ಮರಳಿನಲ್ಲಿ ಮನದಟ್ಟಾಯಿತು. ಜೊತೆಗೆ ಬಗ್ಗಿ ನೋಡುತ್ತಿರುವ ತಾಯಿಯ ಮಗು ಅವಳ ಕೈಯಳತೆಯಲ್ಲೇ ಇರುತ್ತದೆ. ದೂರದ ಕುರ್ಚಿಯಲ್ಲಿ ಕೂತು ಹುಷಾರು ಎಂದು ಕೂಗುವುದು ಕಾವಲಾಗುವುದಿಲ್ಲ. ದೊಡ್ಡವರು ನಾಲ್ಕು ಜನ ಇದ್ದಾಗ ಇನ್ನೂ ಅಪಾಯ, ಬೇರೆಯವರು ನೋಡುತ್ತಿದ್ದಾರೆಂದು ಎಲ್ಲರೂ ನಂಬಿರುತ್ತಾರೆ. ಈ ಹೊತ್ತಿಗೆ ನೀನು, ಆಮೇಲೆ ನಾನು ಎಂದು ಬಾಯಿಬಿಟ್ಟು ಹೇಳಿ ಹೊಣೆ ಹಂಚಿಕೊಳ್ಳಬೇಕು.

ಹೊಣೆ ತಂದೆತಾಯಿಯದು ಮಾತ್ರವೂ ಅಲ್ಲ. ಕೊಳ ಕಟ್ಟಿ ಹಣ ಪಡೆಯುವ ರೆಸಾರ್ಟು ಅದರ ಸುತ್ತ ಬೇಲಿ, ಆಳ ತಿಳಿಸುವ ಫಲಕ, ಈಜು ಬಲ್ಲ ಒಬ್ಬ ಕಾವಲುಗಾರ ಇಷ್ಟನ್ನು ಇಡಲಾರದಿದ್ದರೆ ಅದಕ್ಕೆ ಪರವಾನಗಿ ಕೊಡಬಾರದು. ಪ್ರವಾಸಿಗರಿಂದ ವಾಹನ ಶುಲ್ಕ ಪಡೆಯುವ ಕಡೆಗಳಲ್ಲೆಲ್ಲ ಆ ದಿನದ ಉಬ್ಬರವಿಳಿತದ ಹೊತ್ತನ್ನು ಕನ್ನಡದಲ್ಲಿ ಬರೆದ ಒಂದು ಹಲಗೆ ತೂಗುಹಾಕಲು ದೊಡ್ಡ ಖರ್ಚೇನೂ ಇಲ್ಲ.

ಮುಂದಿನ ರಜೆಗೆ ನೀವು ಕೋಣೆ ಕಾದಿರಿಸಲು ಫೋನ್ ಮಾಡುವಾಗ ಊಟದ ಪಟ್ಟಿಗೂ ಮೊದಲು ಇವನ್ನು ಕೇಳಿ: ಈಜುಕೊಳದ ಬಳಿ ಯಾರಿರುತ್ತಾರೆ, ಎಷ್ಟು ಹೊತ್ತು ಇರುತ್ತಾರೆ, ಎದುರಿನ ಕಡಲಿನಲ್ಲಿ ಜೀವರಕ್ಷಕರಿದ್ದಾರೆಯೇ, ಸೆಳವು ಎಲ್ಲಿದೆ. ಸಮಾಧಾನದ ಉತ್ತರ ಬಾರದಿದ್ದರೆ ಬೇರೆ ಕಡೆ ನೋಡಿ. ಹೋದ ಮೇಲೆ, ಎರಡು ದಿನವೂ ಒಂದೇ ತಡಿಯಲ್ಲಿ ಇದ್ದುಬಿಡಿ.