ನನ್ನ ಟ್ಯಾಕ್ಸು, ದೊಡ್ಡಮ್ಮನ ಉಸಿರು

ಮೊನ್ನೆ ಊಟದ ಟೈಮಲ್ಲಿ ಆಫೀಸಿನ ಗೆಳೆಯನೊಬ್ಬ ಒಂದು ಮಾತಂದ. "ಬೆವರು ಸುರಿಸಿ ಟ್ಯಾಕ್ಸ್ ಕಟ್ಟೋರು ನಾವು, ಬಿಟ್ಟಿ ಆಸ್ಪತ್ರೆಗೆ ಹೋಗೋರು ಅವರು. ಇದ್ಯಾವ ನ್ಯಾಯ ಗುರು?" ಏಸಿ ಕ್ಯಾಂಟೀನಿನಲ್ಲಿ ಕೂತು ಬೆವರಿನ ಮಾತಾಡಿದ್ದು ಕೇಳಿ ನಗು ಬಂತು :) ಆದರೆ ಅಲ್ಲೇ ಉತ್ತರ ಕೊಡೋಕೆ ನನ್ನಿಂದ ಆಗಲಿಲ್ಲ. ವಾರವೆಲ್ಲಾ ತಲೆಯಲ್ಲಿ ಕೊರೀತಾ ಇತ್ತು. ಅದಕ್ಕೇ ಇಲ್ಲಿ ಬರೀತಿದ್ದೀನಿ.

ನಮ್ಮ ದೊಡ್ಡಮ್ಮ ಇರೋದು ಶಿಡ್ಲಘಟ್ಟದ ಹತ್ತಿರ ಒಂದು ಹಳ್ಳಿಯಲ್ಲಿ. ಶಿಡ್ಲಘಟ್ಟ ಅಂದಮೇಲೆ ರೇಷ್ಮೆ ಅಂತ ಬೇರೆ ಹೇಳಬೇಕಾಗಿಲ್ಲ. ಇಪ್ಪತ್ತು ವರ್ಷಕ್ಕೂ ಮೇಲೆ ನೂಲು ಬಿಚ್ಚೋ ಕೆಲಸ ಮಾಡಿದ್ದಾರೆ. ಗೂಡು ಬೇಯೋ ಬಿಸಿನೀರಿಗೆ ಕೈ ಹಾಕಿ ಎಳೆ ಹುಡುಕಬೇಕು. ಒಂದು ಕಡೆ ಒಲೆಯ ಹೊಗೆ, ಇನ್ನೊಂದು ಕಡೆ ಹಬೆ, ಜೊತೆಗೆ ಬೆಂದ ಹುಳುವಿನ ವಾಸನೆ. ಬೆರಳಿನ ಚರ್ಮ ಬಿಳಿಚಿಕೊಂಡು ಸುಲಿದು ಹೋಗುತ್ತೆ. ಈ ಕೆಲಸದವರಿಗೆ ಉಬ್ಬಸ ಅಂಟಿಕೊಳ್ಳೋದು ನಮ್ಮ ಕಡೆ ಯಾರಿಗೂ ಹೊಸ ಸುದ್ದಿಯಲ್ಲ. ದೊಡ್ಡಮ್ಮನಿಗೂ ಅಂಟಿಕೊಳ್ತು.

ಕಳೆದ ವರ್ಷ ಒಂದು ರಾತ್ರಿ ಉಸಿರೇ ಕಟ್ಟಿತು. ಹತ್ತಿರ ಸಿಕ್ಕ ಒಂದು ಖಾಸಗಿ ಆಸ್ಪತ್ರೆಗೆ ಅಣ್ಣ ಕರ್ಕೊಂಡು ಓಡಿದ. ಜೇಬಲ್ಲಿ ಆಯುಷ್ಮಾನ್ ಕಾರ್ಡು ಇತ್ತು. "ಈ ಕಾರ್ಡು ಇಲ್ಲಿ ನಡೆಯಲ್ಲ, ಮೂವತ್ತು ಸಾವಿರ ಅಡ್ವಾನ್ಸ್ ಕಟ್ಟಿ" ಅಂದರು. ಬೆಳಗಾಗೋ ಹೊತ್ತಿಗೆ ಅತ್ತಿಗೆಯ ಓಲೆ, ಸರ ಎರಡೂ ಗಿರವಿ ಅಂಗಡಿಯಲ್ಲಿದ್ದವು.

ದೊಡ್ಡಮ್ಮ ಉಳಿದರು. ಈಗ ದಿನಾ ಇನ್ಹೇಲರ್ ತಗೋಬೇಕು. ಹಬ್ಬಕ್ಕೆ ಹೋದಾಗ ನೋಡಿದೆ, ದಿನಕ್ಕೆ ಎರಡು ಸಲ ಎಳ್ಕೊಳ್ಳಿ ಅಂದಿದ್ದನ್ನ ಒಂದೇ ಸಲ ಮಾಡಿಕೊಂಡಿದ್ದಾರೆ. ಕೇಳಿದ್ದಕ್ಕೆ "ಎರಡು ತಿಂಗಳು ಬರಲಿ ಅಂತ ಕಣೋ" ಅಂದರು. ಉಸಿರನ್ನೂ ಉಳಿತಾಯ ಮಾಡ್ತಿದ್ದಾರೆ! "ನಾನು ಕೊಡಿಸ್ತೀನಿ ಬಿಡಿ ದೊಡ್ಡಮ್ಮ" ಅಂದೆ. "ನಂಗೆ ಕೊಡಿಸ್ತೀಯಪ್ಪ. ನನ್ನ ಪಕ್ಕದಲ್ಲಿ ನಿಂತು ನೂಲು ಬಿಚ್ಚುತ್ತಿದ್ದೋಳಿಗೂ ಹಿಂಗೇ ಇದೆ, ಅವಳಿಗ್ಯಾರು ಕೊಡಿಸ್ತಾರೆ?"

ನನ್ನ ಪ್ರಶ್ನೆಯೂ ಅದೇ. ಅವಳಿಗೆ ಯಾರು ಕೊಡಬೇಕು?

ಸ್ಕೀಮುಗಳಿಗೇನು ಬರವಿಲ್ಲ. 2003ರಲ್ಲಿ ಯಶಸ್ವಿನಿ ಜಾರಿಗೆ ಬಂದಾಗ ಸಹಕಾರ ಸಂಘದ ರೈತರು ತಿಂಗಳಿಗೆ 5 ರೂಪಾಯಿ ಕಟ್ಟಿ ಆಪರೇಷನ್ ಮಾಡಿಸಿಕೊಳ್ಳಬಹುದಿತ್ತು. ದೊಡ್ಡ ವಿಷಯವೇ. ಆದರೆ ಸಂಘದ ಸದಸ್ಯ ಆಗಿರಬೇಕು. ಚಿಂತಾಮಣಿಯಲ್ಲಿ ಟೊಮ್ಯಾಟೊ ಬೆಳೆಯೋ ರೈತ ಸದಸ್ಯ ಆಗಿರಬಹುದು, ಅವನ ತೋಟದಲ್ಲಿ ಕೂಲಿಗೆ ಬರೋಳು? 2018ರಲ್ಲಿ ಅದನ್ನು ನಿಲ್ಲಿಸಿ ಆರೋಗ್ಯ ಕರ್ನಾಟಕ ತಂದರು, ಅದೇ ವರ್ಷ ಆಯುಷ್ಮಾನ್ ಭಾರತ್ ಜೊತೆ ಸೇರಿಸಿದರು. ಆಮೇಲೆ ಯಶಸ್ವಿನಿಯೂ ವಾಪಸ್ ಬಂತು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ. ಎಪಿಎಲ್ ಆದರೆ ಪ್ಯಾಕೇಜ್ ದರದ ಶೇಕಡಾ 30 ಮಾತ್ರ ಸರ್ಕಾರದ್ದು. ಇನ್ನು ಇಎಸ್‌ಐ. ಹತ್ತು ಜನಕ್ಕಿಂತ ಕಡಿಮೆ ಇರೋ ಘಟಕಕ್ಕೆ ಅದು ಸಾಮಾನ್ಯವಾಗಿ ಕಡ್ಡಾಯವಲ್ಲ. ಗೌರಿಬಿದನೂರಿನ ದೊಡ್ಡ ಕಾರ್ಖಾನೆಯವರಿಗೆ ಸಿಗಬಹುದು, ನಾಲ್ಕು ಜನ ನಿಂತು ನೂಲು ಬಿಚ್ಚೋ ಶೆಡ್ಡಿಗೆ ಎಲ್ಲಿಂದ ಬರಬೇಕು?

ಈ ಕಾರ್ಡುಗಳೆಲ್ಲಾ ಎಚ್ಚರವಾಗೋದು ನೀವು ಬೆಡ್ ಮೇಲೆ ಮಲಗಿದಾಗ. ಹಾರ್ಟ್ ಆಪರೇಷನ್ನಿಗೆ ಲಕ್ಷಗಟ್ಟಲೆ ಕೊಡ್ತಾರೆ, ಆ ಹಾರ್ಟ್ ಕೆಡದಂತೆ ನೋಡಿಕೊಳ್ಳೋ ಬಿಪಿ ಮಾತ್ರೆಗೆ, ಶುಗರ್ ಟೆಸ್ಟಿಗೆ, ಇನ್ಹೇಲರಿಗೆ ಕಾರ್ಡು ಉಜ್ಜೋಕಾಗಲ್ಲ. ಬಡವನ ದುಡ್ಡು ಸೋರಿಹೋಗೋದು ಅಲ್ಲೇ. ಕೇಂದ್ರ ಸರ್ಕಾರದ್ದೇ ಲೆಕ್ಕ ಹೇಳ್ತೀನಿ. 2021-22ರಲ್ಲಿ ದೇಶದ ಒಟ್ಟು ಆರೋಗ್ಯ ಖರ್ಚಿನಲ್ಲಿ ಶೇಕಡಾ 39.4ರಷ್ಟು ಜನ ನೇರವಾಗಿ ಜೇಬಿನಿಂದ ಕೊಟ್ಟಿದ್ದು. ಅದೇ ವರ್ಷ ಸರ್ಕಾರಗಳು ಖರ್ಚು ಮಾಡಿದ್ದು ಜಿಡಿಪಿಯ ಶೇಕಡಾ 1.84. 2025ರ ಹೊತ್ತಿಗೆ ಇದನ್ನು 2.5ಕ್ಕೆ ಏರಿಸ್ತೀವಿ ಅಂತ 2017ರ ಆರೋಗ್ಯ ನೀತಿಯಲ್ಲೇ ಬರೆದುಕೊಂಡಿದ್ದರು!

ಈಗ ನನ್ನ ಗೆಳೆಯನ ಬಿಟ್ಟಿ ವಿಷಯಕ್ಕೆ ಬರೋಣ. ಅವನಿಗೂ ನನಗೂ ಕಂಪನಿಯ ಇನ್ಶೂರೆನ್ಸ್ ಇದೆ. ಆ ಪ್ರೀಮಿಯಂ ಕಂಪನಿಗೆ ಖರ್ಚಿನ ಲೆಕ್ಕ, ಅಷ್ಟರಮಟ್ಟಿಗೆ ಅದರ ತೆರಿಗೆ ಕಡಿಮೆ. ನಮ್ಮ ಕೈಲೂ ಅದಕ್ಕೆ ತೆರಿಗೆ ಹಾಕಲ್ಲ. ಸ್ವಂತಕ್ಕೆ ಇನ್ನೊಂದು ಪಾಲಿಸಿ ಮಾಡಿಸಿದರೆ ಹಳೇ ತೆರಿಗೆ ಪದ್ಧತಿಯಲ್ಲಿ 80ಡಿ ವಿನಾಯಿತಿ. 2025ರ ಸೆಪ್ಟೆಂಬರಿನಿಂದ ಅಂಥ ಪಾಲಿಸಿಗೆ ಜಿಎಸ್‌ಟಿಯೂ ಇಲ್ಲ. ಇದೆಲ್ಲಾ ಸರ್ಕಾರ ನಮಗಾಗಿ ಬಿಟ್ಟುಕೊಟ್ಟ ದುಡ್ಡಲ್ವಾ? ನಮ್ಮದಾದರೆ ವಿನಾಯಿತಿ, ದೊಡ್ಡಮ್ಮನದಾದರೆ ಬಿಟ್ಟಿ. ಮೊಬೈಲ್ ರೀಚಾರ್ಜಿಗೆ ನಾನು ಶೇಕಡಾ 18 ಜಿಎಸ್‌ಟಿ ಕಟ್ಟಿದರೆ ಅವರೂ ಅಷ್ಟೇ ಕಟ್ತಾರೆ, ಒಂದು ಪೈಸೆ ಕಡಿಮೆ ಇಲ್ಲ. ಅವರು ಬಿಚ್ಚಿದ ನೂಲಿನ ಸೀರೆಯನ್ನ ನಮ್ಮ ಮನೆ ಮದುವೆಗಳಲ್ಲಿ ಉಟ್ಟಿದ್ದೀವಿ. ಆ ಸೀರೆಯ ಬಿಲ್ಲಿನಲ್ಲಿ ಅವರ ಉಬ್ಬಸದ ಖರ್ಚು ಸೇರಿತ್ತಾ?

"ಪುಕ್ಕಟೆ ಕೊಟ್ಟರೆ ಬೆಲೆ ಇರಲ್ಲ, ಸ್ವಲ್ಪವಾದರೂ ಫೀಸು ಇರಬೇಕು" ಅನ್ನೋರೂ ಇದ್ದಾರೆ. 2024ರ ನವೆಂಬರಿನಲ್ಲಿ ಬೆಂಗಳೂರಿನ ವಿಕ್ಟೋರಿಯಾ ಮುಂತಾದ ಸರ್ಕಾರಿ ಆಸ್ಪತ್ರೆಗಳಲ್ಲಿ ಹೊರರೋಗಿ ಚೀಟಿಯನ್ನ 10ರಿಂದ 20 ರೂಪಾಯಿಗೆ ಏರಿಸಿದರು. ಹತ್ತು ರೂಪಾಯಿ ಏನು ಮಹಾ ಅನ್ನಬಹುದು. ಆದರೆ ಆಸ್ಪತ್ರೆಗೆ ಬರೋಳು ಅವತ್ತಿನ ಕೂಲಿ ಬಿಟ್ಟು, ಬಸ್ ಚಾರ್ಜ್ ಕೊಟ್ಟು ಬಂದಿರ್ತಾಳೆ. ಬೆಲೆ ಆಗಲೇ ಕಟ್ಟಿದ್ದಾಳೆ. ಮಜಾ ಮಾಡೋಕೆ ಯಾರಾದರೂ ಇಂಜೆಕ್ಷನ್ ಚುಚ್ಚಿಸಿಕೊಳ್ತಾರಾ?

ಇನ್ನು ಕೆಲವರು ದಾನಿಗಳು ಇದ್ದಾರಲ್ಲ ಅಂತಾರೆ. ನಿಜ, ಚಿಕ್ಕಬಳ್ಳಾಪುರದ ಪಕ್ಕದ ಮುದ್ದೇನಹಳ್ಳಿಯಲ್ಲಿ ಸತ್ಯಸಾಯಿ ಭಕ್ತರ ಆಸ್ಪತ್ರೆಯಲ್ಲಿ ದುಡ್ಡು ತಗೊಳ್ಳದೇ ಚಿಕಿತ್ಸೆ ಕೊಡ್ತಾರೆ, ಕೈ ಮುಗಿಯಬೇಕು. ಆದರೆ ದಾನಕ್ಕೆ ಕೈ ಮುಗೀಬಹುದೇ ಹೊರತು ಯಾಕೆ ಕೊಡಲ್ಲ ಅಂತ ಕೇಳೋಕಾಗಲ್ಲ. ದುಡ್ಡಿಲ್ಲ ಅನ್ನೋ ಕಾರಣಕ್ಕೆ ಯಾರಿಗೂ ಚಿಕಿತ್ಸೆ ತಪ್ಪಬಾರದು ಅಂತ 1946ರಲ್ಲೇ ಭೋರ್ ಸಮಿತಿ ಹೇಳಿತ್ತು. ಥಾಯ್ಲೆಂಡ್ 2002ರಲ್ಲಿ ಕಾನೂನನ್ನೇ ಮಾಡಿ, ಬೇರೆ ಯೋಜನೆಗಳಲ್ಲಿ ಇಲ್ಲದವರ ಖರ್ಚನ್ನೆಲ್ಲಾ ತೆರಿಗೆಯಿಂದ ಭರಿಸೋಕೆ ಶುರು ಮಾಡ್ತು. ಅದೇನು ಅಮೆರಿಕಾದಷ್ಟು ಶ್ರೀಮಂತ ದೇಶವಲ್ಲ.

ನನ್ನ ವಾದ ಇಷ್ಟೇ. ಹುಷಾರಾಗಿದ್ದಾಗ ಎಲ್ಲರೂ ಅವರವರ ಸಂಪಾದನೆಗೆ ತಕ್ಕಂತೆ ಕೊಡಬೇಕು. ಹುಷಾರಿಲ್ಲದಾಗ ಯಾರೂ ಕೊಡಬಾರದು. ನಾನು ಜಾಸ್ತಿ ದುಡೀತೀನಿ, ಜಾಸ್ತಿ ಕೊಡ್ತೀನಿ. ಇನ್ಕಮ್ ಟ್ಯಾಕ್ಸ್ ಜೊತೆ ಈಗಾಗಲೇ ಆರೋಗ್ಯ ಮತ್ತು ಶಿಕ್ಷಣದ ಹೆಸರಲ್ಲಿ ಶೇಕಡಾ 4 ಸೆಸ್ ಹಿಡೀತಾರೆ. ಇನ್ನೊಂದು ಹೆಚ್ಚಿಗೆ ಹಿಡಿದರೂ ನಂದು ತಕರಾರಿಲ್ಲ, ಆ ದುಡ್ಡು ಮೊದಲು ತಾಲೂಕು ಆಸ್ಪತ್ರೆಯ ಔಷಧಿ ಕೌಂಟರಿಗೆ ಹೋಗಲಿ.

"ಸರ್ಕಾರಿ ಆಸ್ಪತ್ರೆ ಹೇಗಿರುತ್ತೆ ಗೊತ್ತಲ್ಲ" ಅಂತ ನೀವು ಕೇಳೇ ಕೇಳ್ತೀರಾ. ಒಪ್ಕೋತೀನಿ. ನಾನೂ ನೆಗಡಿ ಬಂದರೆ ಕ್ಯಾಶ್‌ಲೆಸ್ ಇರೋ ಆಸ್ಪತ್ರೆ ಹುಡುಕಿಕೊಂಡು ಹೋಗೋನೇ. ಆ ಕ್ಯೂನಲ್ಲಿ ನಾನೂ ನನ್ನ ಗೆಳೆಯನೂ ನಿಲ್ಲದೇ ಇರೋದಕ್ಕೇ ಕ್ಯೂ ಹಾಗಿದೆ. ಕೂಗಾಡೋಕೆ ಗೊತ್ತಿರೋರೆಲ್ಲಾ ಹೊರಗೆ ಹೋಗಿಬಿಟ್ಟರೆ ಒಳಗಿರೋರ ಮಾತು ಯಾರಿಗೆ ಕೇಳಿಸುತ್ತೆ?

ನಾಳೆ ಊಟದ ಟೈಮಲ್ಲಿ ಅವನಿಗೆ ಇದನ್ನೇ ಹೇಳ್ತೀನಿ. ದೊಡ್ಡಮ್ಮನ ಇನ್ಹೇಲರ್ ಕೊಡಿಸಿದ್ದಾಯ್ತು, ಈಗ ದಿನಾ ಎರಡು ಸಲ ತಗೋತಿದ್ದಾರೆ. ಪಕ್ಕದಲ್ಲಿ ನಿಂತಿದ್ದೋಳಿಗೆ ಇನ್ನೂ ಇಲ್ಲ. ನೀವೇನಂತೀರಾ?